ಬನ್ನಿಯೂ ಬಂಗಾರ, ಆಪಟಾವೂ ಬಂಗಾರ: ಮರದ ಹೆಸರಿನಿಂದ ಕಾಡಿನವರೆಗೆ

ವಿಜಯದಶಮಿಯ ಸಂಜೆ ಮನೆಮನೆಗೆ ಹೋಗಿ, ಹಿರಿಯರ ಕೈಗೆ ನಾಲ್ಕು ಎಲೆ ಇಟ್ಟು, ಕಾಲಿಗೆ ನಮಸ್ಕರಿಸಿ "ಬನ್ನಿ ತಗೊಂಡು ಬಂಗಾರದಂಗ ಇರೋಣ" ಎನ್ನುವುದು ನಮ್ಮ ಬೆಳಗಾವಿಯ ಕಡೆಯ ರೂಢಿ. ಹಬ್ಬ ಮುಗಿದ ಮೇಲೆ ತಟ್ಟೆಯಲ್ಲಿ ಕೂಡಿದ ಈ ಬಂಗಾರವನ್ನು ಬಿಡಿಸಿ ನೋಡಿದರೆ ಅದರಲ್ಲಿ ಎರಡು ಬಗೆಯ ಎಲೆಗಳು ಸಿಗುತ್ತವೆ. ಒಂದು ಸಣ್ಣ ಸಣ್ಣ ಎಲೆಗಳನ್ನು ಎಳೆಯ ಎರಡೂ ಬದಿಗೆ ಪೋಣಿಸಿದಂತಿರುವ ಬನ್ನಿ. ಇನ್ನೊಂದು ನಡುವೆ ಸೀಳಿ ಎರಡು ಹಾಲೆಯಾದ, ದನದ ಗೊರಸಿನ ಗುರುತಿನಂತೆ ಕಾಣುವ, ಮುಟ್ಟಿದರೆ ಸ್ವಲ್ಪ ಒರಟಾದ ಎಲೆ. ಮರಾಠಿ ಮಾತನಾಡುವ ಮನೆಗಳಲ್ಲಿ ಅದನ್ನು ಆಪಟಾ ಎನ್ನುತ್ತಾರೆ. ವಿಜಯಪುರದ ಕಡೆಗೆ ಹೋದಂತೆ ತಟ್ಟೆಯಲ್ಲಿ ಬನ್ನಿ ಹೆಚ್ಚುತ್ತದೆ, ಗಡಿಯ ಈಚೆ ಆಪಟಾ ಹೆಚ್ಚುತ್ತದೆ, ನಡುವಿನ ಊರುಗಳಲ್ಲಿ ಎರಡೂ ಬೆರೆಯುತ್ತವೆ. ಹಬ್ಬಕ್ಕೆ ಇದರಿಂದ ತೊಂದರೆಯೇನೂ ಇಲ್ಲ. ಆದರೆ ಸಸ್ಯವಿಜ್ಞಾನಿಯ ಮುಂದೆ ಈ ತಟ್ಟೆಯನ್ನು ಇಟ್ಟರೆ ಅವರು ಕೇಳುವ ಪ್ರಶ್ನೆ ಬೇರೆ: ಈ ಎರಡು ಮರಗಳು ಒಂದಕ್ಕೊಂದು ಏನಾಗಬೇಕು?

ಸಸ್ಯ ವರ್ಗೀಕರಣ ಎಂಬ ಶಾಸ್ತ್ರದ ಕೆಲಸವೆಲ್ಲ ಈ ಪ್ರಶ್ನೆಯಲ್ಲಿದೆ. ಮರಕ್ಕೆ ಲ್ಯಾಟಿನ್ ಹೆಸರು ಕೊಡುವುದೆಂದರೆ ಚೀಟಿ ಅಂಟಿಸಿದಂತೆ ಎಂದು ಅನೇಕರು ತಿಳಿದಿದ್ದಾರೆ. ವಾಸ್ತವದಲ್ಲಿ ವೈಜ್ಞಾನಿಕ ಹೆಸರು ಸಂಬಂಧದ ಬಗೆಗಿನ ಒಂದು ಹೇಳಿಕೆ. ಅದರ ಮೊದಲ ಪದ ಜಾತಿಯನ್ನೂ ಎರಡನೆಯ ಪದ ಪ್ರಭೇದವನ್ನೂ ಸೂಚಿಸುತ್ತದೆ. ಹತ್ತಿರದ ಜಾತಿಗಳು ಸೇರಿ ಕುಟುಂಬವಾಗುತ್ತವೆ. ಸ್ವೀಡನ್ನಿನ ಕಾರ್ಲ್ ಲಿನೇಯಸ್ 1753ರಲ್ಲಿ ಈ ಎರಡು ಪದಗಳ ಪದ್ಧತಿಯನ್ನು ಗಿಡಗಳಿಗೆಲ್ಲ ಅನ್ವಯಿಸಿದ. ಇಂದಿಗೂ ಸಸ್ಯಗಳ ಹೆಸರಿನ ಅಧಿಕೃತ ಲೆಕ್ಕ ಆ ವರ್ಷದಿಂದಲೇ ಆರಂಭವಾಗುತ್ತದೆ. ಬನ್ನಿ ಈಗ ಪ್ರೊಸೋಪಿಸ್ ಸಿನರೇರಿಯಾ. ಆಪಟಾ ಬೌಹಿನಿಯಾ ರೆಸಿಮೋಸಾ. ಜಾತಿ ಬೇರೆ, ಆದರೆ ಎರಡೂ ಒಂದೇ ದೊಡ್ಡ ಕುಟುಂಬದವು. ತೊಗರಿ, ಕಡಲೆ, ಹುಣಸೆ, ಜಾಲಿ, ಮುತ್ತಗ ಎಲ್ಲವೂ ಸೇರುವ, ಸುಮಾರು 19,500 ಪ್ರಭೇದಗಳಿರುವ ದ್ವಿದಳ ಧಾನ್ಯಗಳ ಕುಟುಂಬ ಅದು. ಕಾಯಿ ಬಿಡಿಸಿ ನೋಡಿದರೆ ಈ ನೆಂಟಸ್ತನ ಕೈಗೆ ಸಿಗುತ್ತದೆ: ಉದ್ದನೆಯ ಕೋಡು, ಒಳಗೆ ಸಾಲಾಗಿ ಬೀಜ.

ಊರ ಹೆಸರುಗಳೇ ಸಾಲದೇ, ಈ ಲ್ಯಾಟಿನ್ ಯಾಕೆ ಎಂದು ಕೇಳುವವರಿಗೆ ಖಾನಾಪುರದ ಮತ್ತಿ ಮರವನ್ನು ತೋರಿಸಬೇಕು. ಮೊಸಳೆಯ ಬೆನ್ನಿನಂತೆ ಚೌಕ ಚೌಕವಾಗಿ ಬಿರಿದ ಕಪ್ಪು ತೊಗಟೆಯ ಮರ ಮತ್ತಿ. ಹಳ್ಳದ ದಂಡೆಯಲ್ಲಿ, ನುಣುಪಾದ ಬೂದುಬಿಳಿ ತೊಗಟೆಯೊಂದಿಗೆ ನಿಲ್ಲುವುದು ಹೊಳೆಮತ್ತಿ. ಅಲ್ಲಿನ ಮರಾಠಿ ಭಾಷಿಕರು ಮೊದಲನೆಯದನ್ನು ಐನ ಎಂದೂ ಎರಡನೆಯದನ್ನು ಅರ್ಜುನ ಎಂದೂ ಕರೆಯುತ್ತಾರೆ. ವಿದ್ಯಾರ್ಥಿಯಾಗಿದ್ದಾಗ ನಾನು ಈ ಭಾಗದಲ್ಲಿ ಮರಗಳ ಪಟ್ಟಿ ಮಾಡಲು ಹೊರಟು, ಜೊತೆಗಿದ್ದವರು ಹೇಳಿದ ಹೆಸರುಗಳನ್ನು ಹಾಗೆಯೇ ಬರೆದುಕೊಂಡು ಬಂದಿದ್ದೆ. ಮನೆಗೆ ಬಂದು ನೋಡಿದರೆ ಪಟ್ಟಿಯಲ್ಲಿ ಮತ್ತಿಯೂ ಇತ್ತು, ಐನವೂ ಇತ್ತು; ಒಂದೇ ಮರವನ್ನು ಎರಡು ಸಲ ಎಣಿಸಿದ್ದೆ. ಅದಕ್ಕಿಂತ ಕೆಟ್ಟ ಸಂಗತಿಯೆಂದರೆ, ಹಳ್ಳದ ಬದಿಯ ಕೆಲವು ಹೊಳೆಮತ್ತಿಗಳನ್ನು ಬರೀ ಮತ್ತಿ ಎಂದು ಬರೆದು ಎರಡು ಮರಗಳನ್ನು ಒಂದು ಮಾಡಿದ್ದೆ. ನೀರಿನ ದಂಡೆಯನ್ನು ಬಿಟ್ಟು ಹೆಚ್ಚು ದೂರ ಹೋಗದ ಮರ ಯಾವುದು, ಗುಡ್ಡದ ಓರೆಯಲ್ಲೂ ಬಾಳುವ ಮರ ಯಾವುದು ಎಂಬ ವಿಷಯವೇ ಆ ಪಟ್ಟಿಯಿಂದ ಅಳಿಸಿಹೋಗಿತ್ತು. ಕಾಡಿನ ಪರಿಸರ ವಿಜ್ಞಾನ ನಿಂತಿರುವುದು ಇಂಥ ಪಟ್ಟಿಗಳ ಮೇಲೆ. ಹೆಸರು ತಪ್ಪಿದರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ.

ಲ್ಯಾಟಿನ್ ಹೆಸರಿನ ಹಿಂದೆ ಒಂದು ವಸ್ತು ಇರುತ್ತದೆ ಎಂಬುದು ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಯಾವುದೇ ಹೊಸ ಪ್ರಭೇದವನ್ನು ಪ್ರಕಟಿಸುವಾಗ ಒಣಗಿಸಿದ ಒಂದು ಮಾದರಿಯನ್ನು 'ಇದೇ ಆ ಗಿಡ' ಎಂದು ಗುರುತಿಸಿ, ಒಣಗಿಸಿ ಹಾಳೆಗೆ ಹಚ್ಚಿದ ಗಿಡಗಳನ್ನು ಕಾದಿಡುವ, ಸಾರ್ವಜನಿಕವಾಗಿ ನೋಡಲು ಸಿಗುವ ಹರ್ಬೇರಿಯಂ ಒಂದರಲ್ಲಿ ಇಡಬೇಕು. ಮುಂದೆ ಹೆಸರಿನ ಬಗ್ಗೆ ಎಷ್ಟೇ ತಕರಾರು ಬಂದರೂ ಅದೇ ಹಾಳೆಯ ಮುಂದೆ ಬಂದು ನಿಲ್ಲಬೇಕಾಗುತ್ತದೆ. ಹಾಳೆ ತಯಾರಿಸುವ ಕೆಲಸ ಮಾತ್ರ ಬಹಳ ಸಾದಾ. ಹೂವೋ ಕಾಯಿಯೋ ಇರುವ ರೆಂಬೆಯನ್ನು ಕತ್ತರಿಸಿ, ಒಂದೆರಡು ಎಲೆಗಳ ಬೆನ್ನು ಮೇಲೆ ಕಾಣುವಂತೆ ಮಗುಚಿ, ಹಳೆಯ ಪತ್ರಿಕೆಯ ಹಾಳೆಗಳ ನಡುವೆ ಹರಡಿ, ಮರದ ಚೌಕಟ್ಟಿನಲ್ಲಿ ಬಿಗಿದು ಕಟ್ಟುತ್ತಾರೆ. ಕಾಗದವನ್ನು ದಿನವೂ ಬದಲಿಸುತ್ತಾರೆ. ಒಣಗಿದ ಮೇಲೆ ದಪ್ಪ ಹಾಳೆಗೆ ಹೊಲಿದೋ ಅಂಟಿಸಿಯೋ, ಸಿಕ್ಕ ಜಾಗ, ದಿನಾಂಕ, ಎತ್ತರ, ಹೂವಿನ ಬಣ್ಣ, ಊರವರು ಗಿಡವನ್ನು ಕರೆಯುವ ಹೆಸರು, ಸಂಗ್ರಹಿಸಿದವರ ಹೆಸರು ಮತ್ತು ಸಂಖ್ಯೆಯನ್ನು ಮೂಲೆಯಲ್ಲಿ ಬರೆಯುತ್ತಾರೆ. ಒಣಗಿದರೆ ಹೂವಿನ ಬಣ್ಣ ಹೋಗಿಬಿಡುವುದರಿಂದ ಆ ಒಂದು ಪದಕ್ಕೆ ಬೆಲೆ ಹೆಚ್ಚು. ಆಗಸ್ಟಿನ ಮಳೆಯಲ್ಲಿ, ಖಾನಾಪುರ ಕಡೆಯ ಜಾಂಬೋಟಿಯಲ್ಲಿ ಕಾಗದ ಬದಲಿಸಲು ಒಂದು ದಿನ ಮರೆತರೂ ಸಾಕು, ಮರುದಿನ ಎಲೆಯ ಮೇಲೆ ಬೂಷ್ಟು ಕಾಣಿಸಿಕೊಳ್ಳುತ್ತದೆ.

ಬೆಳಗಾವಿ, ವಿಜಯಪುರ ಆಗ ಮುಂಬಯಿ ಪ್ರಾಂತ್ಯದಲ್ಲಿದ್ದುದರಿಂದ ಈ ಭಾಗದ ಗಿಡಗಳ ಒಂದು ಹಳೆಯ ದೊಡ್ಡ ಲೆಕ್ಕ ಸಿಗುವುದು ಥಿಯೋಡೋರ್ ಕುಕ್ 1901ರಿಂದ 1908ರವರೆಗೆ ಪ್ರಕಟಿಸಿದ ಮುಂಬಯಿ ಪ್ರಾಂತ್ಯದ ಸಸ್ಯಸಂಪತ್ತಿನ ಪುಸ್ತಕದಲ್ಲಿ. ಅದನ್ನು ಇಂದು ತೆರೆದರೆ ಪರಿಚಿತ ಮರಗಳು ಅಪರಿಚಿತ ಹೆಸರುಗಳಲ್ಲಿ ಎದುರಾಗುತ್ತವೆ. ಬನ್ನಿ ಅಲ್ಲಿ ಪ್ರೊಸೋಪಿಸ್ ಸ್ಪೈಸಿಜೆರಾ, ಕರಿಜಾಲಿ ಅಕೇಶಿಯಾ ಅರೇಬಿಕಾ. ಹೆಸರು ಬದಲಾದಾಗಲೆಲ್ಲ ವಿದ್ಯಾರ್ಥಿಗಳೂ ಅರಣ್ಯ ಇಲಾಖೆಯ ಸಿಬ್ಬಂದಿಯೂ ಗೊಣಗುತ್ತಾರೆ, ಅದು ಸಹಜ. ಆದರೆ ಬದಲಾವಣೆಗೆ ಕಾರಣಗಳಿರುತ್ತವೆ, ಮತ್ತು ಕರಿಜಾಲಿಯ ಕಥೆಯಷ್ಟು ಸೊಗಸಾಗಿ ಅದನ್ನು ತೋರಿಸುವ ಉದಾಹರಣೆ ಇನ್ನೊಂದಿಲ್ಲ.

ಲಿನೇಯಸ್ ಕರಿಜಾಲಿಯನ್ನು ಮೈಮೋಸಾ ನೈಲೋಟಿಕಾ ಎಂದಿದ್ದ, ಅಂದರೆ ನೈಲ್ ನದಿಯ ಮೈಮೋಸಾ. ಮುಂದೆ ಅದು ಅಕೇಶಿಯಾ ಜಾತಿಗೆ ಸೇರಿತು. ಸೇರಿದ್ದಷ್ಟೇ ಅಲ್ಲ, ಆ ಜಾತಿಯ ಹೆಸರಿಗೆ ಆಧಾರವಾದ ಮಾದರಿ ಪ್ರಭೇದವೂ ಅದೇ ಆಯಿತು. ಅಕೇಶಿಯಾ ಬೆಳೆಯುತ್ತಾ 1,300ಕ್ಕೂ ಹೆಚ್ಚು ಪ್ರಭೇದಗಳ ದೊಡ್ಡ ಸಂತೆಯಾಯಿತು. ಇಪ್ಪತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಡಿಎನ್‌ಎ ಹೋಲಿಕೆ ಸಾಧ್ಯವಾದಾಗ, ಈ ಸಂತೆಯಲ್ಲಿರುವವರೆಲ್ಲ ಒಂದೇ ಮನೆಯವರಲ್ಲ, ಕನಿಷ್ಠ ಐದು ಬೇರೆ ಬೇರೆ ಮನೆತನಗಳು ಇಲ್ಲಿ ಬೆರೆತಿವೆ ಎಂದು ಗೊತ್ತಾಯಿತು. ಒಡೆಯಲೇಬೇಕಾಯಿತು, ಆದರೆ ಹಳೆಯ ಹೆಸರು ಯಾರ ಪಾಲಿಗೆ? ನಿಯಮದ ಪ್ರಕಾರ ಅದು ಕರಿಜಾಲಿಯ ಮನೆತನಕ್ಕೆ ಉಳಿಯಬೇಕಿತ್ತು. ಹಾಗೆ ಮಾಡಿದರೆ ಆಸ್ಟ್ರೇಲಿಯಾದ ಸುಮಾರು ಸಾವಿರ ಪ್ರಭೇದಗಳಿಗೆ ಹೊಸ ಹೆಸರಿಡಬೇಕಾಗುತ್ತಿತ್ತು. 2005ರ ವಿಯೆನ್ನಾ ಸಸ್ಯವಿಜ್ಞಾನ ಸಮ್ಮೇಳನದಲ್ಲಿ ಅಕೇಶಿಯಾ ಹೆಸರನ್ನು ಆಸ್ಟ್ರೇಲಿಯಾದ ಗುಂಪಿಗೆ ಬಿಟ್ಟುಕೊಡಲಾಯಿತು. ಆಫ್ರಿಕಾ ಮತ್ತು ಏಷ್ಯಾದ ಅನೇಕರು ಒಪ್ಪಲಿಲ್ಲ. 2011ರ ಮೆಲ್ಬರ್ನ್ ಸಮ್ಮೇಳನ ಮತ್ತೆ ಅದನ್ನೇ ಎತ್ತಿಹಿಡಿಯಿತು. ಹೀಗೆ ನಮ್ಮ ಕರಿಜಾಲಿ ಈಗ ವಚೇಲಿಯಾ ನೈಲೋಟಿಕಾ, ಬಿಳಿಜಾಲಿ ವಚೇಲಿಯಾ ಲ್ಯುಕೋಫ್ಲಿಯಾ, ಕಾಚಿನ ಮರ ಸೆನೆಗೇಲಿಯಾ ಕಟೆಚು. ನೆಡುತೋಪುಗಳಲ್ಲಿ ತಂದು ಬೆಳೆಸಿದ ಆಸ್ಟ್ರೇಲಿಯಾದ ಅಕೇಶಿಯಾ ಮಾತ್ರ ಅಕೇಶಿಯಾ ಆಗಿಯೇ ಉಳಿಯಿತು. ಮನೆಯ ಹಿರಿಮಗ ಹೆಸರು ಬಿಟ್ಟುಕೊಟ್ಟು ಹೊರಬಂದಂತೆ ಆಯಿತು ಎಂದು ನನಗೆ ಅನಿಸುವುದುಂಟು, ಆದರೂ ಇಲ್ಲಿ ಎರಡು ಸಂಗತಿಗಳನ್ನು ಬೇರ್ಪಡಿಸಿ ನೋಡಬೇಕು. ಮನೆತನ ಬೇರೆ ಎಂಬುದು ವಿಜ್ಞಾನದ ತೀರ್ಮಾನ. ಹೆಸರು ಯಾರಿಗೆ ಎಂಬುದು ಅನುಕೂಲದ ತೀರ್ಮಾನ.

ಬನ್ನಿಗೂ ಇದೇ ಗತಿ ಬರುವುದರಲ್ಲಿತ್ತು, ಅದು ಪಾರಾಯಿತು. 2022ರಲ್ಲಿ ಪ್ರೊಸೋಪಿಸ್ ಜಾತಿಯನ್ನು ನಾಲ್ಕಾಗಿ ಒಡೆದಾಗ ಹಳೆಯ ಹೆಸರು ಬನ್ನಿ ಮತ್ತು ಅದರ ಇಬ್ಬರು ಹತ್ತಿರದ ನೆಂಟರಿಗೇ ಉಳಿಯಿತು. ಅಮೆರಿಕ ಖಂಡದಿಂದ ಹತ್ತೊಂಬತ್ತನೆಯ ಶತಮಾನದಲ್ಲಿ ಬಂದು, ಇಂದು ವಿಜಯಪುರ, ಬಾಗಲಕೋಟೆಯ ಹಳ್ಳ, ಕೆರೆಯಂಗಳ, ರಸ್ತೆಬದಿಗಳನ್ನೆಲ್ಲ ಆಕ್ರಮಿಸಿರುವ ಬಳ್ಳಾರಿ ಜಾಲಿ ನೆಲ್ಟುಮಾ ಜೂಲಿಫ್ಲೋರಾ ಆಯಿತು. ಊರ ಹೆಸರಿನಲ್ಲಿ ಅದು ಜಾಲಿ, ನಿನ್ನೆಯವರೆಗಿನ ಲ್ಯಾಟಿನ್ನಿನಲ್ಲಿ ಬನ್ನಿಯ ತಮ್ಮ, ಈಗ ಎರಡೂ ಅಲ್ಲ.

ದ್ವಿದಳ ಕುಟುಂಬದ ಒಳಗಿನ ವಿಂಗಡಣೆಯೂ ಈ ನಡುವೆ ಬದಲಾಗಿದೆ, ಮತ್ತು ಕಾಡನ್ನು ಅರಿಯಲು ಅದು ಹೆಚ್ಚು ಮುಖ್ಯ. ಮೊದಲು ಹೂವಿನ ಆಕಾರ ನೋಡಿ ಮೂರು ಉಪಕುಟುಂಬ ಮಾಡುತ್ತಿದ್ದರು: ತೊಗರಿ, ಮುತ್ತಗಗಳ ಹಾಗೆ ಚಿಟ್ಟೆಯಾಕಾರದ ಹೂವಿನವು, ಜಾಲಿಯ ಹಾಗೆ ಕೇಸರಗಳ ಗೊಂಡೆಯಂಥವು, ಇವೆರಡೂ ಅಲ್ಲದ ಉಳಿದವು. ಆ 'ಉಳಿದವು' ಎಂಬ ಚೀಲದೊಳಗೆ ಒಂದಕ್ಕೊಂದು ಸಂಬಂಧವಿಲ್ಲದ ಹಲವು ಕವಲುಗಳಿದ್ದುವು. ಲೋಕದ ಹಲವು ದೇಶಗಳ ತಜ್ಞರು ಸೇರಿ, ಎಲೆಯ ಹಸಿರುಕಣಗಳಲ್ಲಿರುವ ಒಂದು ಜೀನಿನ ಅಕ್ಷರಸಾಲನ್ನು ಸಾವಿರಾರು ಪ್ರಭೇದಗಳಲ್ಲಿ ಹೋಲಿಸಿ, 2017ರಲ್ಲಿ ಆರು ಉಪಕುಟುಂಬಗಳ ಹೊಸ ವಿಂಗಡಣೆ ಕೊಟ್ಟರು. ಅದರಲ್ಲಿ ಆಪಟಾ ಒಂದು ಉಪಕುಟುಂಬಕ್ಕೆ, ಹುಣಸೆ ಮತ್ತು ಅಶೋಕ ಇನ್ನೊಂದಕ್ಕೆ, ತೊಗರಿ ಮತ್ತು ಮುತ್ತಗ ಮತ್ತೊಂದಕ್ಕೆ, ಬನ್ನಿ ಮತ್ತು ಜಾಲಿಗಳು ಬೇರೊಂದಕ್ಕೆ ಹೋದವು.

ಇದರಿಂದ ಏನು ಸಿಕ್ಕಿತು ಎಂಬುದನ್ನು ತಿಳಿಯಲು ಎರೆಹೊಲದಲ್ಲಿ ಹೂವಿಗೆ ಬಂದ ಒಂದು ತೊಗರಿ ಗಿಡವನ್ನು ಮಣ್ಣು ಸಡಿಲಿಸಿ ಮೆಲ್ಲಗೆ ಕಿತ್ತು ನೋಡಬಹುದು. ಬೇರಿನ ಮೇಲೆ ಸಾಸಿವೆಯಷ್ಟು ದೊಡ್ಡ ಗಂಟುಗಳಿರುತ್ತವೆ. ಒಂದನ್ನು ಉಗುರಿನಲ್ಲಿ ಸೀಳಿದರೆ ಒಳಗೆ ತೆಳುಗೆಂಪು. ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ಬಳಗಕ್ಕೇ ಸೇರಿದ ಒಂದು ವಸ್ತುವಿನ ಬಣ್ಣ ಅದು. ಗಂಟಿನೊಳಗಿನ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗುವ ರೂಪಕ್ಕೆ ತರುತ್ತವೆ, ಬದಲಿಗೆ ಗಿಡದಿಂದ ಸಕ್ಕರೆ ಪಡೆಯುತ್ತವೆ. ದ್ವಿದಳ ಗಿಡಗಳಿಗೆಲ್ಲ ಈ ಗುಣವಿದೆ ಎಂದು ಸಾಮಾನ್ಯವಾಗಿ ಹೇಳಿಬಿಡುತ್ತಾರೆ, ಅದು ತಪ್ಪು. ಆರು ಉಪಕುಟುಂಬಗಳಲ್ಲಿ ಗಂಟು ಕಟ್ಟುವುದು ಎರಡರಲ್ಲಿ ಮಾತ್ರ: ತೊಗರಿಯದರಲ್ಲಿ ಮತ್ತು ಬನ್ನಿ-ಜಾಲಿಯದರಲ್ಲಿ. ಹುಣಸೆಗೆ ಗಂಟಿಲ್ಲ, ಅಶೋಕಕ್ಕೆ ಇಲ್ಲ, ಆಪಟಾಕ್ಕೂ ಇಲ್ಲ. ಬನ್ನಿ-ಜಾಲಿಯ ಉಪಕುಟುಂಬದಲ್ಲಿಯೂ ಎಲ್ಲಕ್ಕೂ ಇಲ್ಲ. ನಮ್ಮ ಬಯಲಿನ ಹಳದಿ ಹೂವಿನ ತಂಗಡಿ ಅದೇ ಉಪಕುಟುಂಬದ್ದಾದರೂ ಗಂಟು ಕಟ್ಟುವುದಿಲ್ಲ. ದಸರೆಯ ತಟ್ಟೆಯ ಎರಡು ಎಲೆಗಳ ನಡುವಿನ ನಿಜವಾದ ಅಂತರ ಇದು. ಹೊಲದ ನಡುವಿನ ಬನ್ನಿಯನ್ನು ರೈತರು ಕಡಿಯದೆ ಬಿಡುವುದಕ್ಕೆ ಪೂಜೆಯ ಜೊತೆಗೆ ಇನ್ನೊಂದು ಕಾರಣ, ಅದರ ಕೆಳಗೆ ಬೆಳೆ ಸೊರಗುವುದಿಲ್ಲ ಎಂಬ ಅನುಭವ.

ಮಧ್ಯ ಮತ್ತು ದಕ್ಷಿಣ ಅಮೆರಿಕದ ಕಾಡುಗಳ ಬಗ್ಗೆ 2018ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ, ಕಡಿದ ಮೇಲೆ ಮತ್ತೆ ಚಿಗುರುತ್ತಿರುವ ಕಾಡುಗಳಲ್ಲಿ ಮಳೆ ಕಡಿಮೆಯಾದಷ್ಟೂ ದ್ವಿದಳ ಮರಗಳ ಪಾಲು ಹೆಚ್ಚುತ್ತದೆ ಎಂದು ತೋರಿಸಿತು. ಅದರಲ್ಲೂ ಬನ್ನಿ, ಜಾಲಿಗಳಂತೆ ಎಲೆಯನ್ನು ಸಣ್ಣ ಸಣ್ಣ ತುಣುಕಾಗಿಸಿಕೊಂಡವು ಒಣ ನೆಲದಲ್ಲಿ ಮುಂದು. ಸಣ್ಣ ಎಲೆ ಬೇಗ ಕಾಯುವುದಿಲ್ಲ, ಬಿಸಿಲಿನಲ್ಲಿ ನೀರು ಉಳಿಸುತ್ತದೆ. ಆ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಕಣಕುಂಬಿಯಿಂದ ವಿಜಯಪುರಕ್ಕೆ ಪ್ರಯಾಣ ಮಾಡಿದರೆ ದಾರಿಯುದ್ದಕ್ಕೂ ಎಲೆಗಳು ಸಣ್ಣದಾಗುತ್ತಾ ಹೋಗುವುದು ಕಾಣುತ್ತದೆ.

ಮಲಪ್ರಭೆ ಹುಟ್ಟುವ ಕಣಕುಂಬಿಯಲ್ಲಿ ವರ್ಷದ ಮಳೆ ಮೂರೂವರೆ ಸಾವಿರ ಮಿಲಿಮೀಟರ್ ಮೀರುತ್ತದೆ. ಬೆಳಗಾವಿ ನಗರದಲ್ಲಿ ಅದು ಸುಮಾರು 1,200-1,300, ವಿಜಯಪುರದಲ್ಲಿ 600ರ ಆಸುಪಾಸು. ಇನ್ನೂರೈವತ್ತು ಕಿಲೋಮೀಟರಿನೊಳಗೆ ನಿತ್ಯಹರಿದ್ವರ್ಣದ ಕಾಡಿನಿಂದ ಮುಳ್ಳುಕಂಟಿಯ ಬಯಲಿನವರೆಗೆ ಎಲ್ಲ ಮೆಟ್ಟಿಲುಗಳೂ ಇವೆ. ಖಾನಾಪುರ, ಲೋಂಡಾ ಸುತ್ತ ಎಲೆ ಉದುರಿಸುವ ತೇವಭರಿತ ಕಾಡು: ಮತ್ತಿ, ಜಂಬೆ, ನಂದಿ, ಸಾಗುವಾನಿ. ಸವದತ್ತಿ, ಗೋಕಾಕದ ಗುಡ್ಡಗಳಲ್ಲಿ ಒಣ ಕಾಡು, ಅಲ್ಲಿನ ಮುಖ್ಯ ಮರಗಳಲ್ಲಿ ಒಂದು ದಿಂಡಿಗ. ಆಮೇಲೆ ಜಾಲಿ, ಬನ್ನಿ, ಬಾರಿ.

ಮಳೆಯ ಮೊತ್ತದಿಂದಲೇ ಕಾಡು ತೀರ್ಮಾನವಾಗುತ್ತದೆ ಎಂದುಕೊಂಡರೆ ಕಣಕುಂಬಿಯೇ ಅದನ್ನು ಅಲ್ಲಗಳೆಯುತ್ತದೆ. ಅಷ್ಟು ಮಳೆ ಬೀಳುವ ಕೊಡಗಿನಲ್ಲೋ ಕೇರಳದಲ್ಲೋ ನಲವತ್ತು ಮೀಟರ್ ಎತ್ತರದ ಧೂಪದ ಮರಗಳ ಕಾಡಿದ್ದರೆ, ಇಲ್ಲಿ ಗಿಡ್ಡನೆಯ, ಕಡಿಮೆ ಪ್ರಭೇದಗಳ ಕಾಡಿದೆ. ಪುದುಚೇರಿಯ ಫ್ರೆಂಚ್ ಸಂಸ್ಥೆಯಲ್ಲಿದ್ದು ಪಶ್ಚಿಮಘಟ್ಟದ ಕಾಡುಗಳ ನಕ್ಷೆ ಮಾಡಿದ ಜೆ. ಪಿ. ಪಾಸ್ಕಲ್ ಇದಕ್ಕೆ ಕೊಟ್ಟ ವಿವರಣೆ ಸರಳವಾಗಿದೆ: ಎಷ್ಟು ಮಳೆ ಎಂಬುದಕ್ಕಿಂತ ಎಷ್ಟು ತಿಂಗಳು ಮಳೆಯಿಲ್ಲ ಎಂಬುದನ್ನು ಎಣಿಸಬೇಕು. ಘಟ್ಟದ ದಕ್ಷಿಣದ ತುದಿಯಲ್ಲಿ ಒಣ ತಿಂಗಳು ಎರಡೋ ಮೂರೋ. ಉತ್ತರಕ್ಕೆ ಬಂದಂತೆ ಅದು ಏಳೆಂಟಕ್ಕೆ ಏರುತ್ತದೆ. ಇಲ್ಲಿ ಆಕಾಶ ನಾಲ್ಕು ತಿಂಗಳು ಬಿಡದೆ ಸುರಿದು ಬಾಗಿಲು ಹಾಕಿಕೊಳ್ಳುತ್ತದೆ. ಆ ನೀರಿನ ಬಹುಪಾಲು ಜಂಬಿಟ್ಟಿಗೆಯ ಕಲ್ಲುನೆಲದ ಮೇಲೆ ಹರಿದುಹೋಗುತ್ತದೆ. ಅಷ್ಟು ದೀರ್ಘ ಬೇಸಿಗೆಯನ್ನು ಎಲೆ ಉದುರಿಸದೆ ತಡೆಯಬಲ್ಲ ಮರಗಳು ಕೆಲವೇ. ಆದ್ದರಿಂದ ಘಟ್ಟದ ಈ ಉತ್ತರ ಭಾಗದ ನಿತ್ಯಹರಿದ್ವರ್ಣದ ಕಾಡಿಗೆ ಮೂರು ಮರಗಳ ಹೆಸರನ್ನೇ ಜೋಡಿಸಿ ಗುರುತಿಡುತ್ತಾರೆ: ಮೆಮಿಸೈಲಾನ್, ಸಿಜೀಜಿಯಂ, ಆಕ್ಟಿನೋಡಾಫ್ನೆ. ನಡುವಿನದು ನಮ್ಮ ನೇರಳೆ. ಮೊದಲನೆಯದು ಮರಾಠಿಯವರ ಅಂಜನಿ. ಎಲೆ ಚರ್ಮದಂತೆ ದಪ್ಪ, ಹೂವು ಬಿಟ್ಟಾಗ ರೆಂಬೆಯ ತುಂಬ ನೀಲಿ ಬಣ್ಣದ ಹಿಟ್ಟು ಉದುರಿಸಿದಂತೆ. 2011ರಲ್ಲಿ ಘೋಷಣೆಯಾದ, ಸುಮಾರು 190 ಚದರ ಕಿಲೋಮೀಟರಿನ ಭೀಮಗಡ ವನ್ಯಧಾಮ ಇರುವುದು ಇದೇ ಖಾನಾಪುರ ತಾಲ್ಲೂಕಿನ ಘಟ್ಟದಂಚಿನಲ್ಲಿ.

ಹೀಗೆ ಕಾಡಿಗೆ ಹೆಸರಿಡುವುದು ಮರಕ್ಕೆ ಹೆಸರಿಟ್ಟಷ್ಟು ಗಟ್ಟಿಯಾದ ಕೆಲಸವಲ್ಲ. ಮರಕ್ಕೆ ವಂಶವಿದೆ, ಕಾಡಿಗೆ ಇಲ್ಲ. ಒಂದು ಕಾಡು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ ಎಂಬ ಗೆರೆಯನ್ನು ಎಳೆಯುವವರು ನಾವು. ಭಾರತದಲ್ಲಿ ಅರಣ್ಯ ಇಲಾಖೆಗಳು ಇಂದಿಗೂ ಬಳಸುವುದು ಅರಣ್ಯತಜ್ಞರಾದ ಚಾಂಪಿಯನ್ ಮತ್ತು ಸೇಠ್ 1968ರಲ್ಲಿ ಕೊಟ್ಟ, 16 ಮುಖ್ಯ ಗುಂಪುಗಳ ವಿಂಗಡಣೆಯನ್ನು. ಗೆರೆ ಎಳೆಯುವ ಬದಲು ಒಂದು ಜಾಗದ ಪ್ರತಿಯೊಂದು ಮರವನ್ನೂ ಎಣಿಸಿ, ಹಲವು ವರ್ಷ ಹಿಂಬಾಲಿಸುವುದು ಇನ್ನೊಂದು ದಾರಿ. ಪನಾಮಾದ ಬಾರೋ ಕೊಲರಾಡೋ ದ್ವೀಪದಲ್ಲಿ 1980ರ ದಶಕದ ಆರಂಭದಲ್ಲಿ ಶುರುವಾದ ಈ ಕ್ರಮವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲಿ ತಮಿಳುನಾಡಿನ ಮುದುಮಲೈಗೆ ತಂದರು. 50 ಹೆಕ್ಟೇರಿನಲ್ಲಿ, ಎದೆಮಟ್ಟದಲ್ಲಿ ಒಂದು ಸೆಂಟಿಮೀಟರ್ ದಪ್ಪವಿರುವ ಗಿಡದಿಂದ ಹಿಡಿದು ಎಲ್ಲಕ್ಕೂ ಸಂಖ್ಯೆಯ ಬಿಲ್ಲೆ ಕಟ್ಟಿ, ಅಳತೆ ತೆಗೆದು, ಮತ್ತೆ ಮತ್ತೆ ಬಂದು ಯಾವುದು ಸತ್ತಿತು, ಯಾವುದು ಹುಟ್ಟಿತು ಎಂದು ಬರೆಯುತ್ತಾರೆ. ಮುದುಮಲೈಯ ಒಣ ಕಾಡಿನಲ್ಲಿ ಸುಮಾರು 70 ಪ್ರಭೇದ ಸಿಕ್ಕರೆ, ಅಷ್ಟೇ ವಿಸ್ತಾರದ ಮಲೇಶಿಯಾದ ಪಾಸೋ ಕಾಡಿನಲ್ಲಿ 800ಕ್ಕೂ ಹೆಚ್ಚು ಸಿಕ್ಕವು. ಮತ್ತಿ, ಹೊಳೆಮತ್ತಿ ಎರಡನ್ನು ಬೇರ್ಪಡಿಸಲಾರದೆ ತಿಣುಕಿದ ನನಗೆ, ಎಲೆಯಷ್ಟೇ ಇರುವ ಸಸಿಗಳಿಂದ ಆ ಎಂಟುನೂರನ್ನು ಗುರುತಿಸಿದವರ ಬಗ್ಗೆ ಗೌರವವಿದೆ.

ಹೂವೂ ಕಾಯಿಯೂ ಇಲ್ಲದಾಗ, ಅಥವಾ ಅಂಗಡಿಯಲ್ಲಿ ಬರೀ ತೊಗಟೆಯ ಚೂರು ಸಿಕ್ಕಾಗ, ಡಿಎನ್‌ಎಯ ಗುರುತುಪಟ್ಟಿ ಮತ್ತು ರಾಸಾಯನಿಕ ಗುರುತುಗಳು ನೆರವಿಗೆ ಬರುತ್ತವೆ. ಹೆಂಗಸರ ಔಷಧಿಗೆ ಬಳಸುವ ಅಶೋಕದ ತೊಗಟೆಯ ಹೆಸರಿನಲ್ಲಿ ಉದ್ಯಾನಗಳ ಬದಿಯಲ್ಲಿ ಕಂಬದಂತೆ ನಿಲ್ಲುವ 'ಅಶೋಕ'ದ ತೊಗಟೆ ಮಾರಾಟವಾಗುವುದುಂಟು. ಮೊದಲನೆಯದು ಹುಣಸೆಯ ನೆಂಟ, ಎರಡನೆಯದು ಸೀತಾಫಲದ ಕುಟುಂಬದ್ದು. ಈ ಕಲಬೆರಕೆಯನ್ನು ಹಿಡಿಯುವ ಸಂಶೋಧನೆ ಬೆಳಗಾವಿಯಲ್ಲೇ, ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಪಾರಂಪರಿಕ ವೈದ್ಯಪದ್ಧತಿಯ ರಾಷ್ಟ್ರೀಯ ಸಂಸ್ಥೆಯಲ್ಲಿ ನಡೆದಿದೆ.

ಪಶ್ಚಿಮದ ಕಾಡಿನ ಬಗ್ಗೆ ಇಷ್ಟೆಲ್ಲ ಮಾತು ನಡೆಯುವಾಗ ಪೂರ್ವದ ಬಯಲನ್ನು ಯಾರೂ ಕಾಡೆಂದು ಎಣಿಸುವುದಿಲ್ಲ. ಬೀಳಗಿ, ಮುಧೋಳ ತಾಲ್ಲೂಕುಗಳ ಯಡಹಳ್ಳಿ ಚಿಂಕಾರ (ಬಯಲಿನ ಹುಲ್ಲೆ) ವನ್ಯಧಾಮವನ್ನು ನೋಡಿ ಬಂದವರು 'ಅಲ್ಲೇನೈತಿ, ಬರೀ ಕಂಟಿ' ಎನ್ನುತ್ತಾರೆ. ಹಳೆಯ ವಿಂಗಡಣೆಯೂ ಇಂಥ ನೆಲವನ್ನು ಬಹುಮಟ್ಟಿಗೆ ಹಾಳಾದ ಕಾಡು ಎಂದೇ ಕಂಡಿತ್ತು. 2011ರಲ್ಲಿ ಪರಿಸರ ವಿಜ್ಞಾನಿ ಜಯಶ್ರೀ ರತ್ನಂ ಮತ್ತು ಸಂಗಡಿಗರು ಒಂದು ನೇರ ಪ್ರಶ್ನೆ ಎತ್ತಿದರು: ಮರಗಳಿದ್ದ ಮಾತ್ರಕ್ಕೆ ಅದು ಕಾಡೇ, ಅಥವಾ ಮರಗಳಿರುವ ಹುಲ್ಲುಗಾವಲೇ? ಅವರು ಸೂಚಿಸಿದ ಪರೀಕ್ಷೆ ಮರವನ್ನು ಬಿಟ್ಟು ಕೆಳಗಿನ ಹುಲ್ಲನ್ನು ನೋಡುವುದು. ಜೋಳ, ಸಜ್ಜೆಗಳ ಬಳಗದ ಹುಲ್ಲುಗಳು ಕಡುಬಿಸಿಲಿನಲ್ಲಿ ಬಹಳ ದಕ್ಷವಾಗಿ ಆಹಾರ ತಯಾರಿಸುತ್ತವೆ, ಆದರೆ ನೆರಳಿನಲ್ಲಿ ಬಾಳುವುದಿಲ್ಲ. ದಟ್ಟ ನೆರಳಿನ ಮರದಡಿಯಲ್ಲಿ ಬಿತ್ತಿದ ಬಿಳಿಜೋಳ ಏನಾಗುತ್ತದೆ ಎಂಬುದು ವಿಜಯಪುರದ ರೈತರಿಗೆ ಹೇಳಿಕೊಡಬೇಕಾಗಿಲ್ಲ. ಅಂಥ ಹುಲ್ಲು ಮರಗಳ ನಡುವೆ ನೆಲ ತುಂಬಿಕೊಂಡಿದ್ದರೆ ಆ ಜಾಗ ಹಿಂದಿನಿಂದಲೂ ಬಿಸಿಲು ಬೀಳುವ ತೆರೆದ ಬಯಲಾಗಿಯೇ ಇತ್ತು ಎಂದು ಊಹಿಸಬೇಕು. ಅಲ್ಲಿ ಒತ್ತಾಗಿ ಸಸಿ ನೆಟ್ಟರೆ ಕಾಡು ಮರಳಿ ಬಂದಂತಾಗುವುದಿಲ್ಲ, ಚಿಂಕಾರದ ಮೇವು ಹೋದಂತಾಗುತ್ತದೆ. ಬಳ್ಳಾರಿ ಜಾಲಿ ಇದೇ ಹಾನಿಯನ್ನು ಯಾರೂ ನೆಡದೆಯೇ ಮಾಡುತ್ತಿದೆ. ಆಕಾಶದಿಂದ ತೆಗೆದ ಚಿತ್ರದಲ್ಲಿ ಅದರ ಪೊದೆಯೂ ಹಸಿರು, ಬನ್ನಿಯ ತೋಪೂ ಹಸಿರು.

ನೆಲದ ಮೇಲೆ ನಿಂತವರಿಗೆ ಈ ತೊಡಕಿಲ್ಲ. ಹಳದಿ ಗುಂಡಿಯಂತೆ ದುಂಡಗಿನ ಹೂಗೊಂಚಲು, ಮಣಿ ಪೋಣಿಸಿದಂತೆ ನಡುನಡುವೆ ಸಣ್ಣಗಾದ ಕಾಯಿ ಇದ್ದರೆ ಅದು ಕರಿಜಾಲಿ. ಹೂವು ಬೆರಳುದ್ದದ ತೆನೆಯಂತೆ ಜೋತುಬಿದ್ದಿದ್ದರೆ ಬನ್ನಿ ಅಥವಾ ಬಳ್ಳಾರಿ ಜಾಲಿ. ಅವೆರಡನ್ನು ಬೇರ್ಪಡಿಸಲು ರೆಂಬೆಯನ್ನು ಎಚ್ಚರದಿಂದ ಕೈಯಲ್ಲಿ ಹಿಡಿಯಬೇಕು. ಬಳ್ಳಾರಿ ಜಾಲಿಯಲ್ಲಿ ಉದ್ದನೆಯ ಮುಳ್ಳು ಎಲೆ ಹುಟ್ಟುವ ಗಿಣ್ಣಿನಲ್ಲೇ ಇರುತ್ತದೆ. ಬನ್ನಿಯಲ್ಲಿ ಮೋಟಾದ, ಬುಡ ಅಗಲವಾದ ಮುಳ್ಳುಗಳು ಗಿಣ್ಣನ್ನು ಬಿಟ್ಟು ನಡುವಿನ ರೆಂಬೆಯ ಮೇಲೆ ಅಲ್ಲಲ್ಲಿ ಚದುರಿರುತ್ತವೆ. ಈ ಎರಡು ಮರಗಳನ್ನು ಬೇರೆ ಬೇರೆ ಜಾತಿಗೆ ಹಾಕಿದಾಗ ಡಿಎನ್‌ಎಯ ಜೊತೆಗೆ ಎತ್ತಿ ತೋರಿಸಿದ ಗುರುತುಗಳಲ್ಲಿ ಇದೂ ಒಂದು.